ಕಾಲು ಕೊಟ್ಟವನಿಗೆ ಕಾಲೂರಲು ನೆಲ ಬೇಡವೆ?

ಪ್ರತಿವರ್ಷ ಡಿಸೆಂಬರ್ 7 ಬಂತೆಂದರೆ ಶಾಲೆಗಳಿಗೆ ಪುಟ್ಟ ಕಾಗದದ ಬಾವುಟಗಳು ಬರುತ್ತವೆ. ಮಾಷ್ಟ್ರುಗಳಾದ ನಾವು ಅವನ್ನು ಮಕ್ಕಳ ಅಂಗಿಗೆ ಚುಚ್ಚುತ್ತೇವೆ. ಮಕ್ಕಳು ಮನೆಯಲ್ಲಿ ಕಾಡಿಬೇಡಿ ತಂದ ಚಿಲ್ಲರೆಯನ್ನು ಎಣಿಸಿ ಡಬ್ಬಿಗೆ ಹಾಕುತ್ತೇವೆ. 1949ರಿಂದ ನಡೆದು ಬಂದ ಧ್ವಜ ದಿನಾಚರಣೆ ಇದು. ಗಾಯಾಳು ಸೈನಿಕರಿಗೆ, ಮಾಜಿ ಸೈನಿಕರಿಗೆ, ಅವರ ಸಂಸಾರಗಳಿಗೆ ಈ ಹಣ ಎನ್ನುತ್ತಾರೆ. ಮಕ್ಕಳು ಕೊಡುವುದು ತಪ್ಪಲ್ಲ. ಆದರೆ ನಾವು ಒಂದು ಮಾತು ಕೇಳಬೇಕಾಗಿದೆ: ಸೈನಿಕನ ಸಾಲ ತೀರಿಸಬೇಕಾದದ್ದು ದೇಶದ ಖಜಾನೆಯೋ, ಬೀಡಿ ಕಟ್ಟುವ ತಾಯಿಯ ಮಗಳ ಚಿಲ್ಲರೆಯೋ?

ಉಡುಪಿಯ ಅಜ್ಜರಕಾಡಿನಲ್ಲಿ ಹುತಾತ್ಮರ ಸ್ಮಾರಕ ಉಂಟು. ಅಲ್ಲಿಗೆ ಹೂವಿನ ಬಳೆ ಬರುತ್ತದೆ, ಪುಢಾರಿಗಳು ಬರುತ್ತಾರೆ, ಫೋಟೋದವರು ಬರುತ್ತಾರೆ. ಸತ್ತವರಿಗೆ ನಾವೂ ತಲೆ ಬಾಗುತ್ತೇವೆ. ಆದರೆ ಅರ್ಧ ದೇಹ ಹೊತ್ತು ಜೀವಂತ ವಾಪಸು ಬಂದವನಿಗೆ ಎಂತ ಕೊಡ್ತೀರಿ ಸ್ವಾಮಿ? ಅವನಿಗೆ ಹೂವು ಬೇಡ, ಸೂರು ಬೇಕು.

ಗಾಯಗೊಂಡವನನ್ನು ಗಾಯಗೊಂಡವನೇ ಎತ್ತಿದ ಕತೆಗಳು ನಮ್ಮ ದೇಶದಲ್ಲಿವೆ. 1965ರ ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಜಯ್ ಒಬೆರಾಯ್ ಸೇನೆಯ ಉಪಮುಖ್ಯಸ್ಥರಾಗುವ ತನಕ ದುಡಿದರು. ನಿವೃತ್ತಿಯ ಮೇಲೆ ಗಾಯಾಳು ಸೈನಿಕರಿಗಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದರು. 1971ರಲ್ಲಿ ನೆಲಬಾಂಬು ತುಳಿದ ಇಯಾನ್ ಕಾರ್ಡೋಜೊ ಛಿದ್ರವಾದ ಕಾಲನ್ನು ತಮ್ಮ ಕುಕ್ರಿಯಿಂದಲೇ ಕತ್ತರಿಸಿಕೊಂಡವರು. ಮುಂದೆ ಅವರು ಭಾರತೀಯ ಪುನರ್ವಸತಿ ಪರಿಷತ್ತಿನ ಅಧ್ಯಕ್ಷರಾಗಿ ಅಂಗವಿಕಲರ ಕೆಲಸಕ್ಕೆ ನಿಂತರು. ಇವರ ಕೆಲಸಕ್ಕೆ ನಮ್ಮ ಗೌರವವಿದೆ. ಆದರೆ ಕಾಲಿಲ್ಲದವನು ಕಾಲಿಲ್ಲದವನ ಅರ್ಜಿಯನ್ನು ಹೊತ್ತು ನಡೆಯಬೇಕಾಗಿ ಬಂದಿದ್ದರೆ, ಎರಡು ಕಾಲಿನ ಸರ್ಕಾರ ಎಲ್ಲಿ ಕೂತಿತ್ತು?

ಇನ್ನೊಂದು ಮಾತು. ಇವರಿಬ್ಬರೂ ಅಧಿಕಾರಿಗಳು. ಅವರ ದನಿ ದಿಲ್ಲಿಗೆ ಕೇಳುತ್ತದೆ. ಸಾಮಾನ್ಯ ಜವಾನನ ಪಾಡೇನು? ಮುರಳೀಕಾಂತ್ ಪೇಟ್ಕರ್ 1965ರಲ್ಲಿ ಗುಂಡೇಟು ತಿಂದು ಅಂಗವಿಕಲರಾದ ಜವಾನ. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಈಜಿ, ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದರು. ಪದ್ಮಶ್ರೀ ಕೊಟ್ಟದ್ದು 2018ರಲ್ಲಿ. ಚಿನ್ನ ಗೆದ್ದವನನ್ನೇ 46 ವರ್ಷ ಕಾಯಿಸಿದ ವ್ಯವಸ್ಥೆ, ಏನೂ ಗೆಲ್ಲದೆ ಕಾಲು ಮಾತ್ರ ಸೋತವನನ್ನು ಎಷ್ಟು ಕಾಲ ಕಾಯಿಸೀತು!

ಆ ಜವಾನ ದಲಿತನಾದರೆ? ಅವನಿಗೆ ಎರಡು ಗಡಿ. ಒಂದನ್ನು ಅವನು ಕಾಯುತ್ತಾನೆ, ಇನ್ನೊಂದು ಅವನನ್ನು ಕಾಯುತ್ತದೆ. ಊರಿಗೂ ಕೇರಿಗೂ ನಡುವಿನ ಆ ಗಡಿಯಲ್ಲಿ ಯಾವ ಪದಕವೂ ನಡೆಯುವುದಿಲ್ಲ. ನಮ್ಮದೇ ಕರಾವಳಿಯ ಉತ್ತರಕ್ಕೆ, ಕೊಂಕಣದ ದಾಪೋಲಿಯಲ್ಲಿ ಗೋಪಾಳಬಾಬಾ ವಲಂಗಕರ ಎಂಬ ಪಿಂಚಣಿದಾರ ಸೈನಿಕನಿದ್ದ. 1890ರ ದಶಕದಲ್ಲಿ ಬ್ರಿಟಿಷರು 'ವೀರ ಜನಾಂಗ'ದ ಸುಳ್ಳು ಶಾಸ್ತ್ರ ಹೇಳಿ ಮಹಾರರಿಗೆ ಸೇನೆಯ ಬಾಗಿಲು ಮುಚ್ಚಿದಾಗ ಅರ್ಜಿ ಬರೆದು ಜಗಳಕ್ಕೆ ನಿಂತವನು ಅವನು. ಸೈನಿಕನೊಬ್ಬ ತನ್ನವರ ಬದುಕಿಗಾಗಿ ದುಡಿದದ್ದೆಂದರೆ ನಮಗೆ ಮೊದಲು ನೆನಪಾಗುವುದು ಅವನೇ. ಮುಂದೆ ಸುಬೇದಾರನ ಮಗ ಅಂಬೇಡ್ಕರ್ ಅದೇ ಜಗಳವನ್ನು ಮುಂದುವರಿಸಿದರು. 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಡೆ ಎದ್ದು ನಿಂತದ್ದು ನಮ್ಮ ಬೆಳಗಾವಿಯಲ್ಲಿ. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟನ್ನು ಯುದ್ಧ ಮುಗಿದ ಮೇಲೆ, 1946ರಲ್ಲಿ ವಿಸರ್ಜಿಸಿದರು. ಬೇಕಾದಾಗ ಕರೆ, ಸಾಕಾದಾಗ ಬಿಸಾಕು. ದಲಿತನ ತೋಳಿನ ಮಟ್ಟಿಗೆ ಇದು ಹಳೆಯ ಧರ್ಮ.

ಈಗ ನೆಲದ ಲೆಕ್ಕಕ್ಕೆ ಬನ್ನಿ. 1974ರ ಭೂಸುಧಾರಣೆ 'ಉಳುವವನೇ ಹೊಲದೊಡೆಯ' ಎಂದಿತು. ಅದರಲ್ಲೂ ಸೈನಿಕನಿಗೆ ವಿನಾಯಿತಿ ಇತ್ತು. ಗೇಣಿಗೆ ಕೊಟ್ಟ ಭೂಮಿಯನ್ನು ಅವನು ವಾಪಸು ಪಡೆಯಬಹುದಿತ್ತು. ಭೂಮಿ ಇದ್ದ ಸೈನಿಕನ ಭೂಮಿಯನ್ನು ಕಾನೂನು ಜೋಪಾನ ಮಾಡಿತು. ಭೂಮಿಯೇ ಇಲ್ಲದವನಿಗೆ? ಅವನಿಗೆ ಸರ್ಕಾರಿ ಜಮೀನು ಮಂಜೂರಾತಿಯ ನಿಯಮಗಳಲ್ಲಿ ಒಂದು ಪಾಲು. ಪಾಲು ಕಾಗದದಲ್ಲಿ, ಅರ್ಜಿ ಕಡತದಲ್ಲಿ, ಅವನು ಬೀದಿಯಲ್ಲಿ! ಇತ್ತ ಬ್ರಿಟಿಷರ ಕಾಲದಲ್ಲೇ ದಲಿತರಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಎಷ್ಟೋ ಕಡೆ ಬಲಾಢ್ಯರ ಬೇಲಿಯೊಳಗಿದೆ. ಅದನ್ನು ಬಿಡಿಸಿ ಹಂಚಿ ಎಂದು ದಲಿತ ಸಂಘಟನೆಗಳು ಕೂಗುತ್ತಲೇ ಇವೆ. ಕಾಪುವಿನ, ಕಾರ್ಕಳದ ಕಾಲನಿಯ ಹುಡುಗನೊಬ್ಬ ನಾಳೆ ಕಾಲು ಕಳೆದುಕೊಂಡು ಬಂದರೆ, ದೇಶದ ಗಡಿ ಕಾಯ್ದ ಅವನಿಗೆ ಈ ಬೇಲಿ ದಾಟಲಾಗುತ್ತದೆಯೆ?

ಮುಂದಿನ ದಿನಗಳು ಇನ್ನೂ ಕಠಿಣ. 2022ರ ಅಗ್ನಿಪಥ ಹುಡುಗರನ್ನು ನಾಲ್ಕು ವರ್ಷಕ್ಕೆ ತೆಗೆದುಕೊಂಡಿತು. ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಕಾಯಂ ಎಂದಿತು. ಉಳಿದವರಿಗೆ ಒಂದು ಗಂಟು ಹಣ. ಪಿಂಚಣಿ ಇಲ್ಲ, ಮಾಜಿ ಸೈನಿಕನೆಂಬ ಹೆಸರೂ ಇಲ್ಲ. ಸಾಲಮಾಡಿ ಓದಿಸಿದ ಬಡವರ ಮನೆಗೆ ಆ ಗಂಟು ಎಷ್ಟು ದಿನ ಬಂದೀತು?

ಆದ್ದರಿಂದ ಗೆಳೆಯರೇ, ದಯೆಯ ಮಾತು ಸಾಕು, ಹಕ್ಕಿನ ಮಾತಾಡೋಣ. ಅಂಗವಿಕಲ ಸೈನಿಕ ಸಹಸೈನಿಕನ ಕೈಹಿಡಿಯುವುದು ಅವನ ದೊಡ್ಡತನ. ಆ ದೊಡ್ಡತನದ ಹಿಂದೆ ಸರ್ಕಾರ ಅಡಗಿ ಕೂರುವುದು ಸಣ್ಣತನ. ಮಾಷ್ಟ್ರುಗಳೇ, ವಿದ್ಯಾರ್ಥಿಗಳೇ, ಈ ಸಲ ಡಬ್ಬಿಯ ಜೊತೆ ಒಂದು ನೋಟ್‌ಬುಕ್ಕನ್ನೂ ಹಿಡಿಯಿರಿ. ನಿಮ್ಮೂರಿಗೆ ಸೇನೆಯಿಂದ ಬಂದವರು ಯಾರು? ಯಾರಿಗೆ ಕೈಯಿಲ್ಲ, ಕಾಲಿಲ್ಲ? ಯಾರಿಗೆ ಮನೆಯಿಲ್ಲ, ನಿವೇಶನವಿಲ್ಲ? ಜಾತಿಯನ್ನೂ ಬರೆಯಿರಿ, ನಾಚಬೇಡಿ. ಮಂಜೂರಾತಿಯಲ್ಲಿ ಯಾರಿಗೆ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಎಂಬುದು ಅದರಿಂದಲೇ ಬಯಲಾಗಬೇಕು. ಆ ಪಟ್ಟಿ ಹಿಡಿದು ಮಣಿಪಾಲದ ರಜತಾದ್ರಿಗೆ, ಜಿಲ್ಲಾಧಿಕಾರಿಗಳ ಬಾಗಿಲಿಗೆ ಹೋಗೋಣ. ಕಾಲಿದ್ದವರು ನಡೆಯೋಣ, ಇಲ್ಲದವರನ್ನು ಹೊತ್ತುಕೊಂಡು ಹೋಗೋಣ.

ಹೂವಿನ ಬಳೆ ಸತ್ತವರಿಗಿರಲಿ. ಬದುಕಿ ಬಂದವನಿಗೆ ಹಕ್ಕುಪತ್ರ ಕೊಡಿ.