ಸರ್ಟಿಫಿಕೇಟು ನನ್ನದು, ಕಲಿಕೆ ಮಗನದು

ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿ, ಧಾರೆ ಸೀರೆಯ ಪಕ್ಕದಲ್ಲಿ, ಒಂದು ಹಸಿರು ಫೈಲಿದೆ. ಅದರೊಳಗೆ ಹದಿನೇಳು ಸರ್ಟಿಫಿಕೇಟುಗಳಿವೆ. ತರಗತಿಯಲ್ಲಿ ತಂತ್ರಜ್ಞಾನವನ್ನು ಬಳಸುವ ಬಗೆಯನ್ನು ನಾನು ಯಶಸ್ವಿಯಾಗಿ ಕಲಿತಿದ್ದೇನೆಂದು ಅವೆಲ್ಲವೂ ಒಕ್ಕೊರಲಿನಿಂದ ಸಾರುತ್ತವೆ. ಎಲ್ಲದರ ಮೇಲೂ ನನ್ನ ಹೆಸರೇ ಇದೆ. ಆದರೆ ಅವುಗಳಲ್ಲಿ ಹನ್ನೊಂದನ್ನು ಸಂಪಾದಿಸಿಕೊಟ್ಟವನು ನನ್ನ ಮಗ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈ ನಾಚಿಕೆ ನನ್ನೊಬ್ಬಳದಲ್ಲ ಎಂದು ನನಗೆ ಗೊತ್ತು. ಸಂಜೆ ಆರೂವರೆಗೆ ಬಸ್ಸಿಳಿದು ಮನೆ ಸೇರಿ, ಅತ್ತೆಯವರ ಮಾತ್ರೆ, ಕುಕ್ಕರಿನ ಅಕ್ಕಿ, ನಾಳೆಯ ಪಲ್ಯದ ಹುರುಳೀಕಾಯಿ ಇವುಗಳ ನಡುವೆ ನಿಂತಿರುವಾಗ ಫೋನು ಟಣ್ ಎನ್ನುತ್ತದೆ. 'ಇಂದು ರಾತ್ರಿ ಹನ್ನೆರಡರೊಳಗೆ ಕೋರ್ಸು ಮುಗಿಸದವರ ಪಟ್ಟಿಯನ್ನು ಮೇಲಧಿಕಾರಿಗಳಿಗೆ ಕಳುಹಿಸಲಾಗುವುದು.' ಪಟ್ಟಿ ಎಂದರೆ ನಾವು ಮೇಷ್ಟರು ಮಂದಿಗೆ ಎದೆ ಧಸಕ್ಕೆನ್ನುತ್ತದೆ. ಆಗ ಮಗ, "ಅಮ್ಮಾ, ನೀನು ಸಾರು ಕುದಿಸು, ಇದನ್ನ ನಾನು ನೋಡ್ಕೋತೀನಿ" ಎಂದು ಫೋನು ತೆಗೆದುಕೊಳ್ಳುತ್ತಿದ್ದ. ವಿಡಿಯೋ ಸದ್ದಿಲ್ಲದೆ ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಕೊನೆಯಲ್ಲಿ ಬರುವ ಪ್ರಶ್ನೆಗಳಿಗೆ ಉತ್ತರ ಆಗಲೇ ನಮ್ಮ ಶಿಕ್ಷಕರ ಗುಂಪಿನಲ್ಲಿ ಬಂದು ಬಿದ್ದಿರುತ್ತಿತ್ತು: ಒಂದು ಬಿ, ಎರಡು ಎ, ಮೂರು ಡಿ. ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ನಾನು ತೇರ್ಗಡೆಯಾಗಿರುತ್ತಿದ್ದೆ.

ನಗು ಬರುತ್ತದಲ್ಲವೇ? ನನಗೂ ಆಗ ನಗು ಬರುತ್ತಿತ್ತು. ಏಳನೇ ತರಗತಿಯ ಒಬ್ಬ ಹುಡುಗಿಯ ಮುಖ ಸಣ್ಣದಾಗುವವರೆಗೆ.

ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತದ ಟೀಚರು. ನಮ್ಮ ಶಾಲೆಗೂ ಒಂದು ದಿನ ಪ್ರೊಜೆಕ್ಟರು ಬಂತು, ಲ್ಯಾಪ್‌ಟಾಪ್ ಬಂತು. ಆಯುಧಪೂಜೆಯಲ್ಲಿ ಅದಕ್ಕೆ ಅರಿಶಿನ ಕುಂಕುಮ ಇಟ್ಟೆವು, ಚೆಂಡುಹೂವಿನ ಹಾರ ಹಾಕಿದೆವು. ಧೂಳು ಬೀಳದಂತೆ ಹಳೆಯ ಮೇಜುಬಟ್ಟೆ ಮುಚ್ಚಿದೆವು. ಆ ಕೋಣೆಯ ಬಾಗಿಲಿಗೆ 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಎಂಬ ಬೋರ್ಡೂ ಬಂತು. ದೇವರಕೋಣೆಯೊಂದು ಹೆಚ್ಚಾಯಿತೇ ಹೊರತು ಪಾಠದಕೋಣೆ ಹೆಚ್ಚಾಗಲಿಲ್ಲ.

ಒಂದು ದಿನ ಮುಖ್ಯೋಪಾಧ್ಯಾಯರು, "ಮೇಡಂ, ನಿಮ್ಮ ಹತ್ತಿರ ಇಷ್ಟೊಂದು ಸರ್ಟಿಫಿಕೇಟಿದೆ, ಒಂದು ಪಾಠ ಇದರಲ್ಲೇ ಮಾಡಿ" ಎಂದರು. ಮಕ್ಕಳನ್ನು ಕೂರಿಸಿದೆ. ಲ್ಯಾಪ್‌ಟಾಪಿನ ಚಿತ್ರ ಗೋಡೆಯ ಮೇಲೆ ಬೀಳಲಿಲ್ಲ. ಯಾವುದೋ ಗುಂಡಿ ಒತ್ತಿದೆ, ಇದ್ದದ್ದೂ ಹೋಯಿತು. ನಲವತ್ತು ಕಣ್ಣುಗಳು ನನ್ನ ಬೆರಳುಗಳನ್ನೇ ನೋಡುತ್ತಿವೆ. ಆಗ ಎರಡನೇ ಬೆಂಚಿನ ಹುಡುಗಿ ಎದ್ದು, "ಮಿಸ್, ನಾನು ಮಾಡ್ಲಾ?" ಎಂದಳು. ಅವಳ ಅಣ್ಣ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವಳಿಗೆ ಗೊತ್ತಿತ್ತು.

ನಾನು ಏನು ಹೇಳಿದೆ ಗೊತ್ತೇ? "ಕೂತ್ಕೊಳ್ಳೇ, ಬಂದ್ಬಿಟ್ಟಳು ಟೀಚರ್‌ಗೆ ಕಲಿಸೋಕೆ!" ಎಂದು ಗದರಿದೆ. ಮಕ್ಕಳೆಲ್ಲ ಗೊಳ್ಳೆಂದರು. ಆ ಹುಡುಗಿ ಕುಳಿತಳು. ಆಮೇಲೆ ಸುಮಾರು ಒಂದು ತಿಂಗಳು ಅವಳು ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ. ನನ್ನ ಹನ್ನೊಂದು ಸುಳ್ಳು ಸರ್ಟಿಫಿಕೇಟುಗಳ ದಂಡವನ್ನು ಆ ಮಗು ಕಟ್ಟಿತು.

ಅಂದಿನಿಂದ ನನಗೆ ಈ ಪ್ರಶ್ನೆ ಕಾಡುತ್ತಿದೆ. ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡ ನಾವು ಕಲಿಯುವುದರಲ್ಲಿ ಹೀಗೇಕೆ ಕಳ್ಳರಾದೆವು? 'ಹೆಂಗಸರಿಗೆ ಯಂತ್ರವೆಂದರೆ ಭಯ' ಎಂಬ ಸಿದ್ಧ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿದೆ. ತರಬೇತಿಗೆ ಬರುವ ಸಂಪನ್ಮೂಲ ವ್ಯಕ್ತಿಗಳೂ ಇದನ್ನು ತಮಾಷೆಯಾಗಿ ಹೇಳುತ್ತಾರೆ, ನಾವೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತೇವೆ. ಈ ಮಾತು ಶುದ್ಧ ಸುಳ್ಳು. ಕುಕ್ಕರು, ಮಿಕ್ಸಿ, ವಾಷಿಂಗ್ ಮಷೀನು ಇವೆಲ್ಲ ಯಂತ್ರಗಳಲ್ಲವೇ? ಮಿಕ್ಸಿಯ ಬ್ಲೇಡು ಕಳಚಿ ತೊಳೆಯುವ, ಕುಕ್ಕರಿನ ಗ್ಯಾಸ್ಕೆಟ್ಟನ್ನು ಕೈ ಮುಟ್ಟಿಯೇ ಹಳೆಯದಾಯಿತೆಂದು ಹೇಳುವ ಹೆಣ್ಣಿಗೆ ಲ್ಯಾಪ್‌ಟಾಪಿನ ಭಯವೇ? ಭಯ ಯಂತ್ರದ್ದಲ್ಲ. ಎಲ್ಲರೆದುರು ತಪ್ಪು ಮಾಡುವ ಭಯ. ಕೆಡಿಸಿದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯ. ತಪ್ಪು ಮಾಡಿ ಕಲಿಯಲು ನಮಗೆ ಯಾರೂ ಜಾಗ ಕೊಡಲಿಲ್ಲ, ಹೊತ್ತನ್ನಂತೂ ಕೊಡಲೇ ಇಲ್ಲ.

ನಮ್ಮ ಕಾಲದಲ್ಲಿ ಹೊಲಿಗೆ ಕ್ಲಾಸುಗಳಿದ್ದವು, ನೆನಪಿದೆಯೇ? ಮೊದಲು ನ್ಯೂಸ್ ಪೇಪರಿನಲ್ಲಿ ಕತ್ತರಿಸಬೇಕು, ಆಮೇಲೆ ಹಳೇ ಬಟ್ಟೆಯಲ್ಲಿ, ಕೊನೆಗೆ ಹೊಸ ಬಟ್ಟೆಗೆ ಕತ್ತರಿ. ಕಂಕುಳಲ್ಲಿ ಬಿಗಿಯಾದ ರವಿಕೆಯನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಲಂಗ ಹೊಲಿಯದೆ ಯಾರಿಗೂ 'ಹೊಲಿಗೆ ಬರುತ್ತದೆ' ಎಂದು ಬರೆದುಕೊಟ್ಟವರಿಲ್ಲ. ಮೂವತ್ತು ನಿಮಿಷ ವಿಡಿಯೋ ನೋಡಿ, ಐದು ಪ್ರಶ್ನೆಗೆ ಟಿಕ್ ಹಾಕಿದರೆ ದರ್ಜಿಯಾಗುವುದಿಲ್ಲ ಎಂದು ಹೊಲಿಗೆ ಕ್ಲಾಸಿನ ಅಕ್ಕನಿಗೆ ಗೊತ್ತಿತ್ತು. ಇಷ್ಟು ದೊಡ್ಡ ಶಿಕ್ಷಣ ವ್ಯವಸ್ಥೆಗೆ ಅದು ಗೊತ್ತಿಲ್ಲವೇ?

ಗೊತ್ತಿಲ್ಲವೆಂದೂ ಹೇಳುವಂತಿಲ್ಲ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. 2017ರಲ್ಲಿ ಕೇಂದ್ರ ಸರ್ಕಾರ ಶಿಕ್ಷಕರಿಗಾಗಿ ದೀಕ್ಷಾ ಎಂಬ ಡಿಜಿಟಲ್ ವೇದಿಕೆಯನ್ನು ತೆರೆಯಿತು. 2019ರಲ್ಲಿ ನಿಷ್ಠಾ ಎಂಬ ತರಬೇತಿ ಶುರುವಾಯಿತು. ಮೊದಲು ಮುಖಾಮುಖಿಯಾಗಿದ್ದದ್ದು ಕೊರೋನಾ ಬಂದ ಮೇಲೆ, 2020ರಲ್ಲಿ, ಫೋನಿನೊಳಕ್ಕೆ ಬಂತು. ಆ ವರ್ಷ ಶಾಲೆಗಳೇ ಮುಚ್ಚಿದ್ದವು, ಬೇರೆ ದಾರಿ ಇರಲಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತಮ್ಮ ವೃತ್ತಿಯ ಬೆಳವಣಿಗೆಗೆ ಕೊಡಬೇಕು ಎಂದಿತು. ಆ ನೀತಿಯ ಬಗ್ಗೆ ಯಾವ ರಾಜ್ಯ ಯಾವ ನಿಲುವನ್ನಾದರೂ ತಳೆಯಲಿ, ಅದರಲ್ಲಿ ಒಂದು ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. ಆ 50 ಗಂಟೆ ಶಿಕ್ಷಕರ ಸ್ವಂತ ಆಸಕ್ತಿಯಿಂದ ನಡೆಯಬೇಕು ಎಂದು ಅದರಲ್ಲೇ ಇದೆ. ಸ್ವಂತ ಆಸಕ್ತಿ! ರಾತ್ರಿ ಹನ್ನೆರಡರ ಗಡುವಿಗೂ ಸ್ವಂತ ಆಸಕ್ತಿಗೂ ಎತ್ತಣಿಂದೆತ್ತ ಸಂಬಂಧ? ಐವತ್ತು ಗಂಟೆಯನ್ನು ಎಲ್ಲರೂ ಹಿಡಿದುಕೊಂಡರು, ಆಸಕ್ತಿಯನ್ನು ಕೈಬಿಟ್ಟರು. ಏಕೆಂದರೆ ಗಂಟೆಯನ್ನು ಎಣಿಸಬಹುದು.

ಆ ಐವತ್ತು ಗಂಟೆ ಬರುವುದಾದರೂ ಎಲ್ಲಿಂದ? ಶಾಲೆಯ ಸಮಯದಿಂದ ಬಂದರೆ ಪಾಠ ಹಾಳು ಎನ್ನುತ್ತಾರೆ. ಹಾಗಾದರೆ ಮನೆಯ ಸಮಯದಿಂದ ಬರಬೇಕು. ಗಂಡಸಿನ ಮನೆಯ ಸಮಯ ಬೇರೆ, ಹೆಂಗಸಿನ ಮನೆಯ ಸಮಯ ಬೇರೆ. ನನ್ನ ಸಹೋದ್ಯೋಗಿ ಮೇಷ್ಟರು ಊಟವಾದ ಮೇಲೆ ಕುರ್ಚಿಯಲ್ಲಿ ಕುಳಿತು ಕೋರ್ಸು ನೋಡಬಲ್ಲರು. ನಾನು ಪಾತ್ರೆ ತೊಳೆದು, ಹೆಪ್ಪು ಹಾಕಿ ಬರುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಇನ್ನೊಂದು ಮಾತು ಹೇಳಲೇ? ನನ್ನ ಕೋರ್ಸಿನ ಓಟಿಪಿ ಬಹಳ ಕಾಲ ಬರುತ್ತಿದ್ದದ್ದು ನಮ್ಮ ಯಜಮಾನರ ಫೋನಿಗೆ. ಖಾತೆ ತೆರೆದುಕೊಟ್ಟವರು ಅವರು, ಪಾಸ್‌ವರ್ಡು ಇಟ್ಟವನು ಮಗ. ನನ್ನ ವೃತ್ತಿಯ ಕಲಿಕೆಯ ಬೀಗದಕೈ ಮನೆಯ ಇಬ್ಬರು ಗಂಡಸರ ಜೇಬಿನಲ್ಲಿತ್ತು. ಅವರು ಒಳ್ಳೆಯವರೇ, ಪ್ರೀತಿಯಿಂದಲೇ ಮಾಡಿದರು. ಆದರೆ ಪ್ರೀತಿಯಿಂದ ಕಟ್ಟಿದರೂ ಹಗ್ಗ ಹಗ್ಗವೇ.

ನನಗೆ ನಿಜವಾಗಿ ಕಲಿಸಿದವಳು ನಮ್ಮ ಶಾಲೆಗೆ ವರ್ಗವಾಗಿ ಬಂದ ವಿಜ್ಞಾನದ ಟೀಚರು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಒಂದು ಮಧ್ಯಾಹ್ನ ಬಿಸಿಯೂಟವಾದ ಮೇಲೆ ಅವಳ ಹತ್ತಿರ ಹೋಗಿ, ಇದ್ದದ್ದು ಇದ್ದಂತೆ ಹೇಳಿದೆ. ಅವಳು ನಗಲಿಲ್ಲ. "ನನಗೂ ಮೊದಲು ಬರ್ತಿರ್ಲಿಲ್ಲ ಮೇಡಂ. ನಿಮಗೆ ಯಾವ ಪಾಠ ಕಷ್ಟ ಅನ್ಸುತ್ತೆ, ಅದರಿಂದ ಶುರು ಮಾಡೋಣ" ಎಂದಳು. ಗಮನಿಸಿ, ಯಾವ ಸಾಫ್ಟ್‌ವೇರ್ ಕಲಿಯುತ್ತೀರಿ ಎಂದು ಅವಳು ಕೇಳಲಿಲ್ಲ. ಯಾವ ಪಾಠ ಎಂದು ಕೇಳಿದಳು. ಹದಿನೇಳು ಕೋರ್ಸುಗಳಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಇಪ್ಪತ್ತು ವರ್ಷ ಇದನ್ನು ಕಾಗದ ಹರಿದು, ಮೂರು ಮೂಲೆಗಳನ್ನು ಜೋಡಿಸಿ ತೋರಿಸಿದ್ದೇನೆ. ಅದು ಒಳ್ಳೆಯ ವಿಧಾನವೇ, ಈಗಲೂ ಬಿಟ್ಟಿಲ್ಲ. ಆದರೆ ಮಕ್ಕಳು ಕೋನಮಾಪಕದಲ್ಲಿ ಅಳೆದಾಗ ಒಬ್ಬರಿಗೆ 178 ಬರುತ್ತದೆ, ಇನ್ನೊಬ್ಬರಿಗೆ 183. 'ನೀನು ಅಳೆದದ್ದು ತಪ್ಪು' ಎಂದು ಮುಂದೆ ಹೋಗುತ್ತಿದ್ದೆ. ಅವಳು ನನಗೆ ಜಿಯೋಜೀಬ್ರಾ ತೋರಿಸಿದಳು. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ತಮ್ಮ ವಿದ್ಯಾರ್ಥಿ ದೆಸೆಯಲ್ಲೇ ಆರಂಭಿಸಿದ ಗಣಿತದ ತಂತ್ರಾಂಶ ಅದು. ಶಾಲೆಗಳಿಗೆ ಹಣ ಕೊಡಬೇಕಾಗಿಲ್ಲ. ಒಮ್ಮೆ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ತ್ರಿಭುಜದ ಒಂದು ಶೃಂಗವನ್ನು ಹಿಡಿದೆಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ ಕದಲುವುದಿಲ್ಲ. ಹರಿದ ಕಾಗದ ಒಂದು ತ್ರಿಭುಜದ ಸತ್ಯವನ್ನು ಹೇಳಿದರೆ ಇದು ನೂರಾರು ತ್ರಿಭುಜಗಳನ್ನು ಕಣ್ಣೆದುರು ಕುಣಿಸುತ್ತದೆ. ಇದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು, ದಿನಕ್ಕೆ ಇಪ್ಪತ್ತು ನಿಮಿಷ, ಬಾಗಿಲು ಮುಚ್ಚಿಕೊಂಡು, ಮನಸಾರೆ ತಪ್ಪು ಮಾಡುತ್ತಾ.

ಪಾಠದ ದಿನ ಎರಡನೇ ಬೆಂಚಿನ ಹುಡುಗಿಯನ್ನು ಕರೆದು, "ಬಾಮ್ಮಾ, ಆವತ್ತು ನಾನು ನಿನ್ನನ್ನ ಬೈದದ್ದು ತಪ್ಪು. ಇವತ್ತು ನೀನೇ ಎಳಿ" ಎಂದು ಮೌಸು ಕೊಟ್ಟೆ. ಅವಳು ಎಳೆದಳು. ಮಕ್ಕಳು ಮೂರು ಕೋನಗಳನ್ನು ಬರೆದುಕೊಂಡು ಕೂಡಿದರು. 47.33, 62.33, 70.33. ಅವಳೇ ತಿರುಗಿ, "ಮಿಸ್, 179.99 ಬಂತು! ಕಂಪ್ಯೂಟರೂ ತಪ್ಪು ಮಾಡುತ್ತಾ?" ಎಂದಳು.

ನನಗೆ ಉತ್ತರ ತಕ್ಷಣ ಹೊಳೆಯಲಿಲ್ಲ. ಆದರೆ ಈ ಸಲ ಗದರಲಿಲ್ಲ. "ಗೊತ್ತಿಲ್ಲ ಕಣಮ್ಮಾ, ನೋಡೋಣ" ಎಂದೆ. ಸೆಟ್ಟಿಂಗಿಗೆ ಹೋಗಿ ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿದೆವು. ಎರಡು ಸ್ಥಾನಕ್ಕೆ ಕತ್ತರಿಸಿ ತೋರಿಸಿದ್ದರಿಂದ ಬಾಲದ ಚೂರುಗಳು ಬಿಟ್ಟುಹೋಗಿದ್ದವು, ಅಷ್ಟೆ. ಅಂದಾಜು ಬೆಲೆ ಎಂದರೇನು, ಅಳತೆ ಎಂದರೇನು, ನಿಯಮ ಎಂದರೇನು, ಎಲ್ಲವೂ ಆ ಒಂದು ಪ್ರಶ್ನೆಯಿಂದ ಹೊರಬಂತು. ಕೋನಮಾಪಕದಲ್ಲಿ 178 ಬಂದ ಹುಡುಗ ಕೂಡ ತಾನು ಪೂರ್ತಿ ದಡ್ಡನಲ್ಲ ಎಂದು ತಿಳಿದುಕೊಂಡ. ಯಾವ ವಿಡಿಯೋ ನನಗೆ ಇದನ್ನು ಕಲಿಸುತ್ತಿತ್ತು?

ಇದು ನಾನೊಬ್ಬಳೇ ಕಂಡ ಸತ್ಯವೇನಲ್ಲ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾದಾಗ ಪಾಠ ಮಾಡುವ ಮೇಷ್ಟರು, ಟೀಚರುಗಳನ್ನೇ ಮುಖ್ಯ ತರಬೇತುದಾರರನ್ನಾಗಿ ಮಾಡಿದರು. ನಮ್ಮ ಕರ್ನಾಟಕದಲ್ಲೇ 2011ರ ಸುಮಾರಿಗೆ ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಹೈಸ್ಕೂಲು ಶಿಕ್ಷಕರಿಗಾಗಿ ಸಬ್ಜೆಕ್ಟ್ ಟೀಚರ್ ಫೋರಂ ನಡೆಸಿದವು. ಗಣಿತದವರು ಗಣಿತದವರೊಂದಿಗೆ, ವಿಜ್ಞಾನದವರು ವಿಜ್ಞಾನದವರೊಂದಿಗೆ ಮಾತಾಡಿಕೊಂಡು, ಕನ್ನಡದಲ್ಲೂ ಪಾಠದ ಸಾಮಗ್ರಿ ಮಾಡಿಕೊಂಡರು. ದಾರಿ ಇರಲಿಲ್ಲವೆಂದಲ್ಲ, ನಾವು ದಾರಿಯನ್ನು ಅಗಲ ಮಾಡಲಿಲ್ಲ. ಇನ್ನು ಯಂತ್ರವನ್ನಷ್ಟೇ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಪೆರು ದೇಶವಿದೆ. ಅಲ್ಲಿ ಹಳ್ಳಿಯ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣಿತ, ಭಾಷೆಗಳ ಕಲಿಕೆ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಯುನೆಸ್ಕೋ 2023ರಲ್ಲಿ ಶಾಲೆಗಳ ತಂತ್ರಜ್ಞಾನದ ಬಗ್ಗೆ ಒಂದು ದೊಡ್ಡ ವರದಿಯನ್ನೇ ತಂದಿತು. ಈ ಸಲಕರಣೆ ಯಾರ ಷರತ್ತಿನ ಮೇಲೆ ಎಂಬ ಪ್ರಶ್ನೆಯೇ ಅದರ ಹೆಸರು.

'ಹಾಗಾದರೆ ಆನ್‌ಲೈನ್ ಕೋರ್ಸೇ ಬೇಡವೇ?' ಎನ್ನುತ್ತೀರಿ. ಬೇಕು. ಲಕ್ಷಾಂತರ ಶಿಕ್ಷಕರನ್ನು ಒಂದೇ ಚಪ್ಪರದಡಿ ಕೂರಿಸಲಾಗದು ಎಂಬುದು ನನಗೂ ಗೊತ್ತು. ಆದರೆ ವಿಡಿಯೋ ಅಡುಗೆ ಪುಸ್ತಕವಿದ್ದಂತೆ. ಒಬ್ಬಟ್ಟಿನ ಕಣಕ ಎಷ್ಟು ಮೆದುವಾಗಿರಬೇಕೆಂದು ಪಕ್ಕದಲ್ಲಿ ನಿಂತವರು ಕೈಗೆ ಮುಟ್ಟಿಸಿ ತೋರಿಸಬೇಕು. ನಾನು ಕೇಳುವುದು ಮೂರೇ. ಕಲಿಯಲು ವಾರಕ್ಕೆ ಒಂದು ಪೀರಿಯಡ್ಡು ಶಾಲೆಯ ವೇಳಾಪಟ್ಟಿಯಲ್ಲೇ ಇರಲಿ. ಅಕ್ಕಪಕ್ಕದ ಶಾಲೆಗಳ ಒಂದೇ ವಿಷಯದ ಟೀಚರುಗಳು ತಿಂಗಳಿಗೊಮ್ಮೆ ಒಟ್ಟಿಗೆ ಕುಳಿತು, ಮಾಡಿದ ಪಾಠ ತೋರಿಸಲಿ, ಕೆಟ್ಟ ಪಾಠವನ್ನೂ ತೋರಿಸಲಿ. ಪಟ್ಟಿ ಕಳಿಸುವುದಾದರೆ ಎಷ್ಟು ಜನ ಮುಗಿಸಿದರು ಎಂಬುದನ್ನಲ್ಲ, ಯಾರು ಯಾವ ಪಾಠಕ್ಕೆ ಬಳಸಿದರು ಎಂಬುದನ್ನು ಕಳಿಸಲಿ.

ನಮ್ಮ ಪಾಲಿನದೂ ಒಂದಿದೆ. ಮಗನಿಂದ ಮಾಡಿಸುವುದನ್ನು ನಿಲ್ಲಿಸಬೇಕು. ನಾನು ನಿಲ್ಲಿಸಿದೆ. ಖಾತೆಗೆ ನನ್ನ ಫೋನ್ ನಂಬರು ಹಾಕಿಸಿದೆ, ಪಾಸ್‌ವರ್ಡನ್ನು ನಾನೇ ಇಟ್ಟುಕೊಂಡೆ. ಅದಾದ ಮೇಲಿನ ಮೊದಲ ಕೋರ್ಸಿನಲ್ಲಿ ನನಗೆ ನೂರಕ್ಕೆ ಐವತ್ತೆಂಟು ಬಂತು. ಮಗ ಯಾವಾಗಲೂ ತೊಂಬತ್ತರ ಮೇಲೆ ತಂದುಕೊಡುತ್ತಿದ್ದ. "ಏನಮ್ಮಾ, ಇಷ್ಟೇನಾ?" ಎಂದು ನಕ್ಕ. ಹೌದಪ್ಪಾ, ಇಷ್ಟೇ, ಉಳಿದದ್ದನ್ನು ಕಲಿಯುತ್ತೇನೆ ಎಂದೆ. ಅಂದು ಪಾತ್ರೆ ತೊಳೆದವನು ಅವನು.

ಈ ಪುಸ್ತಕ ಓದುತ್ತಿರುವ ತಾಯಂದಿರಲ್ಲಿ ಒಂದು ಮಾತು. ನಿಮ್ಮ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ನೀವು ಕೇಳುವುದು, ಎಷ್ಟು ಕಂಪ್ಯೂಟರಿದೆ, ಸ್ಮಾರ್ಟ್ ಕ್ಲಾಸ್ ಇದೆಯೇ ಎಂದು. ಮುಂದಿನ ಸಲ ಹೋದಾಗ, ಇಲ್ಲಿನ ಟೀಚರುಗಳಿಗೆ ಕಲಿಯಲು ವಾರಕ್ಕೆ ಎಷ್ಟು ಹೊತ್ತು ಕೊಟ್ಟಿದ್ದೀರಿ ಎಂದು ಕೇಳಿ. ಉತ್ತರ ಬರುವವರೆಗೂ ಎದ್ದು ಬರಬೇಡಿ.