ಬೇಲಿಯ ಬೆಡಗು: ಲಿಂಗತೊಂಡೆ

ಕವಿಗಳು ತುಟಿಗೆ ಹೋಲಿಸಿ ಹೊಗಳಿದ್ದು ತೊಂಡೆಯ ಹಣ್ಣನ್ನು. ಅದರ ನೆಂಟನಾದ ಲಿಂಗತೊಂಡೆಗೆ ಆ ಮನ್ನಣೆ ದೊರೆಯಲಿಲ್ಲ. ಚೆಲುವಿನಲ್ಲಿ ಇದೇನೂ ಕಡಿಮೆಯದಲ್ಲ. ಗೋಲಿಯಂತಹ ಹಸಿರು ಕಾಯಿಗಳ ಮೇಲೆ ಸುಣ್ಣದಿಂದ ಎಳೆದಂತೆ ಬಿಳಿಯ ಪಟ್ಟೆಗಳು. ಮಾಗಿದಂತೆ ಹಸಿರು ಕೆಂಪಾಗುವುದು, ಪಟ್ಟೆಗಳು ಹಾಗೆಯೇ ಉಳಿಯುವುವು. ಎರಡು ಬಣ್ಣದ ಕಾಯಿಹಣ್ಣುಗಳು ಒಟ್ಟಿಗೆ ತೂಗುವಾಗ ಮುಳ್ಳುಬೇಲಿಗೂ ಹಬ್ಬದ ಕಳೆ. ಬೀಜದ ಆಕಾರ ಶಿವಲಿಂಗವನ್ನು ನೆನಪಿಸುವುದರಿಂದಲೇ ಈ ಹೆಸರು.

ಬೆಳೆಸುವುದು ಸುಲಭ. ಬೀಜವನ್ನು ತೊಳೆದು ಒಣಗಿಸಿಟ್ಟು, ಮುಂಗಾರು ಹಿಡಿದ ಮೇಲೆ ಬೇಲಿಯ ಬುಡದಲ್ಲಿ ಊರಿದರಾಯಿತು. ನೀರು ನಿಲ್ಲದ ನೆಲ, ಬಿಸಿಲು, ಹಬ್ಬಲೊಂದು ಆಸರೆ ಇಷ್ಟೇ ಅದರ ಬೇಡಿಕೆ. ಐದು ಬೆರಳಿನ ಅಂಗೈಯಂತಹ ಎಲೆಗಳ ಕಂಕುಳಲ್ಲಿ ನಸುಹಳದಿಯ ಚಿಕ್ಕ ಹೂಗಳು ಮೂಡುತ್ತವೆ. ಗಂಡು ಹೂ, ಹೆಣ್ಣು ಹೂ ಎರಡೂ ಒಂದೇ ಬಳ್ಳಿಯಲ್ಲಿರುವುದರಿಂದ ಒಂಟಿ ಬಳ್ಳಿಯೂ ಕಾಯಿ ಕಚ್ಚುತ್ತದೆ.

ಆದರೆ ಮಕ್ಕಳಿರುವ ಮನೆಯವರು ಎಚ್ಚರದಿಂದಿರಬೇಕು: ಈ ಹಣ್ಣು ವಿಷ. ಬೇಲಿಯ ತೊಂಡೆಹಣ್ಣನ್ನು ಕಿತ್ತು ತಿಂದು ರೂಢಿಯಾದ ಮಗು ಅದೇ ಕೆಂಪನ್ನು ಕಂಡು ಇದಕ್ಕೂ ಕೈಚಾಚೀತು. ಗುರುತು ಹೇಳಿಕೊಡುವುದು ಕಷ್ಟವಲ್ಲ. ತೊಂಡೆಕಾಯಿಗೂ ಬಿಳಿಗೆರೆಗಳುಂಟು, ನಿಜ. ಹಣ್ಣಾದಾಗ ಅವು ಅಳಿಸಿಹೋಗುತ್ತವೆ. ತೊಂಡೆಯದು ನೀಳವಾದ ಹಣ್ಣು, ಇದು ದುಂಡು. ಗ್ರಂಥಿಗೆ ಅಂಗಡಿಗಳಲ್ಲಿ ಇದರ ಬೀಜವನ್ನು ಸಂತಾನದ ಔಷಧವೆಂದು ಮಾರುವುದುಂಟು. ಅದನ್ನು ನಂಬಿ ಮನೆಯ ಬಳ್ಳಿಯಿಂದಲೇ ಮದ್ದು ಮಾಡಹೊರಡುವುದು ಅವಿವೇಕ. ಗುರುತು ತಿಳಿಯದ ಎಳೆಯ ಮಕ್ಕಳಿದ್ದರೆ ಬಳ್ಳಿಯನ್ನು ಕೈಗೆಟುಕದಂತೆ ಎತ್ತರದ ಚಪ್ಪರಕ್ಕೆ ಹಬ್ಬಿಸಿ, ಉದುರಿದ ಹಣ್ಣುಗಳನ್ನು ದಿನವೂ ಆರಿಸಿ ತೆಗೆಯಬೇಕು.