ಲಿಪಿಕಾರನ ನಾಡಿನಲ್ಲಿ ಬರವಣಿಗೆಯ ಪಾಠ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಆದರೆ ಆ ಬಂಡೆಯ ಮೇಲಿನ ಧರ್ಮೋಪದೇಶವನ್ನು ಓದಿದವರು ಕೂಡ ಅದರ ಕೊನೆಯ ಪದವೊಂದನ್ನು ಅಷ್ಟಾಗಿ ಗಮನಿಸುವುದಿಲ್ಲ. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಚಕ್ರವರ್ತಿಯ ಮಾತು ಮುಗಿದ ಬಳಿಕ, ಇದನ್ನು ಬರೆದವನು ಚಪಡನೆಂದು ಒಂದು ಹೆಸರು ಬರುತ್ತದೆ. ಅವನು ಲಿಪಿಕಾರನೆಂದು ತಿಳಿಸುವ ಮಾತು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿದೆ. ಅದು ಭರತಖಂಡದ ವಾಯವ್ಯ ಸೀಮೆಯ ಲಿಪಿ. ಎಲ್ಲಿಂದಲೋ ಬಂದು, ಒಡೆಯನ ಮಾತನ್ನು ಒಡೆಯನು ಹೇಳಿದಂತೆಯೇ ಬರೆದು ಮುಗಿಸಿದ ಕೆಲಸಗಾರನೊಬ್ಬ, ಕಡೆಯ ಒಂದು ಮಾತನ್ನು ತಾನು ಬಲ್ಲ ಅಕ್ಷರಗಳಲ್ಲಿ ಬರೆದುಕೊಂಡ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರೆಹಗಾರನ ಹೆಸರು ಇಂದಿಗೂ ನಮಗೆ ತಿಳಿದಿದೆ.

ಅದೇ ಶಾಸನದಲ್ಲಿ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಉಪದೇಶವೂ ಇದೆ. ಶಿಷ್ಯನ ಕರ್ತವ್ಯವನ್ನು ಬಂಡೆ ಹೇಳಿತು. ಆಚಾರ್ಯನಾದವನು ಶಿಷ್ಯನ ಸ್ವಂತ ಅಕ್ಷರಕ್ಕೆ ತೋರಬೇಕಾದ ಗೌರವವೇನು ಎಂಬ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗಿದೆ. ಇಪ್ಪತ್ತು ವರ್ಷಗಳಿಗೆ ಹತ್ತಿರವಾಗಿ ಈ ಸೀಮೆಯಲ್ಲಿ ಕನ್ನಡ ಪಾಠ ಹೇಳುತ್ತ ಬಂದಿರುವ ನಾನು ಈ ಪ್ರಶ್ನೆಯನ್ನೆತ್ತುವುದು ಇತರರನ್ನು ದೂರುವುದಕ್ಕಲ್ಲ. ಮೊದಲ ಅಪರಾಧಿ ನಾನೇ. ಆದುದರಿಂದ ನನ್ನ ತಪ್ಪೊಪ್ಪಿಗೆಯಿಂದಲೇ ಆರಂಭಿಸುವುದು ನ್ಯಾಯ.

ಕೆಲವು ವರ್ಷಗಳ ಹಿಂದಿನ ಮಾತು. 'ಮಳೆಗಾಲ' ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಹೇಳಿದ್ದೆ. ಬರಗಾಲಕ್ಕೆ ಹೆಸರಾದ ಸೀಮೆ ಇದು; ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಹೀಗಾಗಿ ಬಂದ ಪ್ರಬಂಧಗಳೆಲ್ಲದರಲ್ಲಿಯೂ ರೈತನ ಮೊಗ ಅರಳಿತ್ತು, ನವಿಲು ಕುಣಿದಿತ್ತು, ಭೂದೇವಿ ಹಸಿರು ಸೀರೆಯುಟ್ಟಿದ್ದಳು. ಮಾರ್ಗದರ್ಶಿ ಪುಸ್ತಕದ ಭೂದೇವಿ ಎಲ್ಲ ಜಿಲ್ಲೆಗಳಲ್ಲಿಯೂ ಒಂದೇ ಸೀರೆಯನ್ನುಡುವವಳು. ಮೊಳಕಾಲ್ಮುರಿನ ನೇಕಾರರ ಮನೆಯ ಹುಡುಗಿಯೊಬ್ಬಳು ಮಾತ್ರ ಬೇರೆಯಾಗಿ ಬರೆದಿದ್ದಳು. ಊರಿನವರೆಲ್ಲ ಮಳೆ ಬರಲಿ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಮಾತ್ರ ಯಾರೂ ಹಾಗೆ ಅನ್ನುವುದಿಲ್ಲ; ಮಳೆ ಜೋರಾದರೆ ಮಗ್ಗದ ಕುಣಿಯೊಳಗೆ ನೀರು ಜಿನುಗುತ್ತದೆ, ಹಾಸಿನ ನೂಲು ತಂಪು ಹಿಡಿಯುತ್ತದೆ, ಅಪ್ಪ ಕೆಲಸವಿಲ್ಲದೆ ಬಾಗಿಲಲ್ಲಿ 'ಕೂತ್ಕೊಂತಾನೆ', ಅವ್ವ ಕಂಡಿಕೆ ಸುತ್ತುವುದನ್ನು ಬಿಟ್ಟು ಅವನನ್ನೇ ನೋಡುತ್ತಾಳೆ ಎಂಬುದು ಆ ಬರೆಹದ ಸಾರ. ಒಂದು ಪುಟವೂ ಇರಲಿಲ್ಲ.

ನಾನು ಮಾಡಿದ್ದೇನು? 'ಕೂತ್ಕೊಂತಾನೆ' ಎಂಬುದಕ್ಕೆ ಕೆಂಪು ಗೆರೆಯೆಳೆದು 'ಕುಳಿತುಕೊಳ್ಳುತ್ತಾರೆ' ಎಂದು ತಿದ್ದಿದೆ. ಪೀಠಿಕೆಯಿಲ್ಲ, ಉಪಸಂಹಾರವಿಲ್ಲ ಎಂದು ಬರೆದೆ. ಅಂಚಿನಲ್ಲಿ 'ವಿಷಯಾಂತರ' ಎಂದು ಷರಾ ಹಾಕಿ ಐದಕ್ಕೆ ಎರಡು ಅಂಕ ಕೊಟ್ಟೆ. ಮುಂದಿನ ಪರೀಕ್ಷೆಯಲ್ಲಿ ಆ ಹುಡುಗಿ 'ರಾಷ್ಟ್ರೀಯ ಹಬ್ಬಗಳ ಮಹತ್ವ'ವನ್ನು ಕುರಿತು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಗಳೊಡನೆ ಒಂದೇ ಒಂದು ತಪ್ಪಿಲ್ಲದೆ ಬರೆದಳು. ಐದಕ್ಕೆ ಐದು ಕೊಟ್ಟು, ಹುಡುಗಿ ಸುಧಾರಿಸಿದಳೆಂದು ಸಂತೋಷಪಟ್ಟೆ. ವರ್ಷದ ಕೊನೆಯಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬೇಕಾಗಿ, "ನಿಮ್ಮ ಮನೆಯ ಮಗ್ಗದ ವಿಷಯ ಬರೆದುಕೊಡಮ್ಮಾ" ಎಂದು ಕೇಳಿದಾಗ ಅವಳು ತಲೆ ತಗ್ಗಿಸಿ, "ಅದು ಬ್ಯಾಡ ಸಾರ್, ಅದಕ್ಕೆ ನೀವು ಕೆಂಪು ಹಾಕ್ತೀರಿ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಕಲಿಸಿದ ಪಾಠವನ್ನು ಚೆನ್ನಾಗಿ ಕಲಿತಿದ್ದಳು, ಅಷ್ಟೆ.

ನನಗೆ ಪ್ರಬಂಧ ಬರೆಸುವುದನ್ನು ಯಾರೂ ಕಲಿಸಿರಲಿಲ್ಲ ಎಂಬುದು ಆ ಹೊತ್ತಿನಲ್ಲಿ ಹೊಳೆಯಿತು. ಎಂ.ಎ. ತರಗತಿಯಲ್ಲಿ ಪಂಪ ರನ್ನರನ್ನು ಓದಿದೆ, ಛಂದಸ್ಸು, ಅಲಂಕಾರ, ಭಾಷಾಶಾಸ್ತ್ರಗಳನ್ನು ಓದಿದೆ. ಹದಿಹರೆಯದ ಒಂದು ಜೀವ ಬಿಳಿಯ ಹಾಳೆಯ ಮುಂದೆ ಕುಳಿತಾಗ ಏನಾಗುತ್ತದೆಂಬುದನ್ನು ಮಾತ್ರ ಓದಲಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಪಾಠಕ್ಕೆ ನಿಂತ ಮೇಲೆ ನಾನು ಸ್ವತಃ ಏನನ್ನೂ ಬರೆದಿರಲಿಲ್ಲ. ಈಜು ಮರೆತವನು ದಡದಲ್ಲಿ ನಿಂತು ಈಜು ಕಲಿಸುತ್ತಿದ್ದಂತಿತ್ತು ನನ್ನ ಅಧ್ಯಾಪನ.

ಇದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿನ ಪ್ರತಿಭಾಭಿವೃದ್ಧಿ ಕೇಂದ್ರಕ್ಕೆ ವಿಜ್ಞಾನದ ಉಪಾಧ್ಯಾಯರು ಬಂದು ತಂಗುತ್ತಾರೆ. ತಾವು ಪುಸ್ತಕದಲ್ಲಿ ಮಾತ್ರ ಕಂಡಿದ್ದ ಪ್ರಯೋಗಗಳನ್ನು ಕೈಯಾರೆ ಮಾಡಿ ನೋಡಿ ಹಿಂದಿರುಗುತ್ತಾರೆ. ಪ್ರಯೋಗ ಮಾಡದ ಮೇಷ್ಟರು ಪ್ರಯೋಗವನ್ನು ಕಲಿಸಲಾರರೆಂಬ ಸರಳ ಸತ್ಯವನ್ನು ವಿಜ್ಞಾನದವರು ಒಪ್ಪಿದ್ದಾರೆ. ಭಾಷೆಯ ಅಧ್ಯಾಪಕರಾದ ನಮಗೂ ತರಬೇತಿಗಳಿಗೇನೂ ಕೊರತೆಯಿಲ್ಲ. ಆದರೆ ಅಲ್ಲಿ ನಾವು ಕೇಳುತ್ತೇವೆ, ಟಿಪ್ಪಣಿ ಮಾಡಿಕೊಳ್ಳುತ್ತೇವೆ, ಹಾಜರಿಗೆ ಸಹಿ ಹಾಕುತ್ತೇವೆ. ಆ ಸಹಿಯೊಂದೇ ಅಲ್ಲಿ ನಾವು ಸ್ವಂತವಾಗಿ ಬರೆಯುವ ಬರೆಹ.

ಹೊರನಾಡುಗಳಲ್ಲಿ ಈ ಕೊರತೆಯನ್ನು ಕಂಡುಕೊಂಡವರಿದ್ದಾರೆ. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಆವರಣದಲ್ಲಿ ಜೇಮ್ಸ್ ಗ್ರೇ ಎಂಬ ಶಿಕ್ಷಣತಜ್ಞರು ಸುತ್ತಣ ಶಾಲೆಗಳ ಉಪಾಧ್ಯಾಯರನ್ನು ಬೇಸಗೆಯ ರಜೆಯಲ್ಲಿ ಕಲೆಹಾಕಿದರು. ಅವರ ಸೂತ್ರಗಳು ಸರಳವಾದವು: ಬರವಣಿಗೆ ಕಲಿಸುವವನು ತಾನೂ ಬರೆಯಬೇಕು, ಉಪಾಧ್ಯಾಯನಿಗೆ ಅತ್ಯುತ್ತಮ ಗುರು ಇನ್ನೊಬ್ಬ ಉಪಾಧ್ಯಾಯನೇ. ಈ ಚಿಕ್ಕ ಕೂಟವೇ ಮುಂದೆ ಆ ದೇಶದಲ್ಲೆಲ್ಲ ಹಬ್ಬಿದ ಒಂದು ದೊಡ್ಡ ಸಂಘಟನೆಯಾಯಿತು. ಇಟಲಿಯ ಬಾರ್ಬಿಯಾನಾ ಎಂಬ ಬೆಟ್ಟದ ಹಳ್ಳಿಯಲ್ಲಿ ಪಾದ್ರಿ ಲೊರೆಂಜೊ ಮಿಲಾನಿಯವರ ಶಾಲೆಯ ಹುಡುಗರು, ಬೇರೆ ಶಾಲೆಗಳಲ್ಲಿ ನಪಾಸಾಗಿ ಬಂದವರೂ ಅವರಲ್ಲಿದ್ದರು, ಕೂಡಿ ಬರೆದು ತಿದ್ದಿದ ಪುಸ್ತಕವೊಂದು 1967ರಲ್ಲಿ ಪ್ರಕಟವಾಗಿ ಹಲವು ದೇಶಗಳ ಶಿಕ್ಷಣ ಚಿಂತನೆಯನ್ನು ಕಲಕಿತು.

ನಮ್ಮಲ್ಲಿ ಇಂಥದು ನಡೆಯಲಾರದೆಂಬ ನಿರಾಶೆಗೂ ಕಾರಣವಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ಋಷಿ ಕಣಿವೆಯ ಶಾಲೆಗಳನ್ನು ಕಂಡು ಬಂದು ಕಲಿಕೆಯ ಕಾರ್ಡುಗಳನ್ನು ತಾವೇ ಕೂತು ರೂಪಿಸಿದ್ದರಿಂದ 'ನಲಿಕಲಿ' ಹುಟ್ಟಿತು. ಮೇಲಿನಿಂದ ಬಂದ ಪುಸ್ತಕವಲ್ಲ ಅದು, ಮೇಷ್ಟರುಗಳೇ ಬರೆದ ಪಾಠ. ಕೆ. ವಿ. ಸುಬ್ಬಣ್ಣನವರು ಹೆಗ್ಗೋಡೆಂಬ ಹಳ್ಳಿಯಲ್ಲಿ ಕಟ್ಟಿ ಬೆಳೆಸಿದ ಸಂಸ್ಕೃತಿ ಶಿಬಿರಕ್ಕೆ ನಾಡಿನ ನಾನಾ ಕಡೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಹೋಗಿ ಬಂದಿದ್ದಾರೆ. ಕಮ್ಮಟವೆಂಬ ಮಾತೇ ನಮ್ಮದು. ನಾಣ್ಯವನ್ನು ಅಚ್ಚು ಹಾಕುವ ಟಂಕಸಾಲೆಗೆ ಹಳೆಯ ಹೆಸರದು. ಆದರೆ ಶಿಬಿರಗಳನ್ನು ನಡೆಸುವ ನಾವು ಒಂದನ್ನು ನೆನಪಿಡಬೇಕು: ನಾಣ್ಯಗಳೆಲ್ಲ ಒಂದೇ ಮುದ್ರೆಯವಾಗಿದ್ದರೆ ಚೆನ್ನು, ಮಕ್ಕಳ ಬರೆಹವಲ್ಲ.

"ಪ್ರತಿಭೆ ಹುಟ್ಟಿನಿಂದ ಬರತಕ್ಕದ್ದು, ಶಿಬಿರದಿಂದ ಕವಿ ಹುಟ್ಟಿಯಾನೆ?" ಎಂದು ಹಿರಿಯರು ಕೆಲವರು ಆಕ್ಷೇಪಿಸುವುದುಂಟು. ಕವಿಗಳನ್ನು ತಯಾರಿಸುವುದು ನನ್ನ ಉದ್ದೇಶವೇ ಅಲ್ಲ. ತಾನು ಕಂಡುದನ್ನು ತನ್ನ ಮಾತಿನಲ್ಲಿ ಇನ್ನೊಬ್ಬರಿಗೆ ತಿಳಿಯುವಂತೆ ಬರೆಯಬಲ್ಲ ಮನುಷ್ಯ ಸಾಕು; ನಾಳೆ ಬೆಳೆ ನಷ್ಟದ ಅರ್ಜಿಯನ್ನು ಬರೆಯುವವನೂ ಅವನೇ. ಆದರೂ ಕವಿಯ ಮಾತು ಬಂದುದರಿಂದ ಹೇಳುತ್ತೇನೆ. ಕುವೆಂಪು ಅವರ ಮೊದಲ ಪುಸ್ತಕ 1922ರಲ್ಲಿ ಬಂದ ಇಂಗ್ಲಿಷ್ ಕವನಗಳ ಸಂಕಲನ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ತರುಣನ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿಮ್ಮ ನುಡಿಯಲ್ಲಿ ಬರೆಯಿರೆಂದು ಸಲಹೆಯಿತ್ತರು. ಸರಿಯಾದ ಹೊತ್ತಿನಲ್ಲಿ ಹಿರಿಯರೊಬ್ಬರು ಆಡಿದ ಒಂದು ಮಾತು ಏನು ಮಾಡಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಯಾರಿಗೆ? ಈ ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದ, ತಮ್ಮ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ. ಅಂಥ ಗುರುವನ್ನು ಕೊಟ್ಟ ಮಣ್ಣಿನಲ್ಲಿ ನಿಂತು, ಕೆಂಪು ಮಸಿಯ ಸೀಸೆಯೊಂದನ್ನೇ ಅಧ್ಯಾಪಕನ ಲಾಂಛನವೆಂದುಕೊಂಡೆನಲ್ಲ ಎಂದು ನಾಚಿಕೆಯಾಗುತ್ತದೆ.

ಇನ್ನು, ಮಕ್ಕಳಿಗೆ ಬರೆಯಲು ಈ ಬಯಲು ಸೀಮೆಯಲ್ಲಿ ಏನಿದೆ ಎಂದು ಕೇಳುವವರಿಗೆ ಉತ್ತರ ಕಣ್ಣೆದುರಿಗೇ ಇದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ, ಅಲ್ಲಿನ ಕಂಬಳಿ ಸಂತೆ, ಸೇಂಗಾ ಹೊಲ, ಮ್ಯಾಸಬೇಡರ ದೇವರ ಎತ್ತುಗಳು, ಅವುಗಳನ್ನು ಕಾಯುವ ಕಿಲಾರಿ, ಗೊಲ್ಲರಹಟ್ಟಿಗಳ ಹಾಡು, ನಾಯಕನಹಟ್ಟಿಯ ತೇರು, ಮೊಳಕಾಲ್ಮುರಿನ ರೇಷ್ಮೆ ಮಗ್ಗ. ಓದು ಬರೆಹ ಬಾರದ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ತಮ್ಮ ಕಂಠದಲ್ಲಿ ಹೊತ್ತಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಕುಳಿತು ಕೇಳಿ ಬರೆದುಕೊಂಡು ನಾಡಿಗೆ ಕೊಟ್ಟರು. ಅಂಥ ಅಜ್ಜಿಯರ ಮೊಮ್ಮಕ್ಕಳು ನಮ್ಮ ತರಗತಿಗೆ ಬಂದೊಡನೆ ಮೂಕರಾಗುವರೆಂದರೆ ಕೊರತೆ ಯಾರದು? ಮನೆಯಲ್ಲಿ ತೆಲುಗನ್ನೋ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಕ್ಕಳೂ ಇಲ್ಲಿ ಅನೇಕರು. ಅವರಿಗೆ ಗ್ರಂಥಸ್ಥ ಕನ್ನಡ ಎರಡು ಹೊಳೆಗಳಾಚೆಯ ದಡ. ಶುದ್ಧ ಭಾಷೆ ಬೇಡವೆಂದು ನಾನು ಹೇಳುತ್ತಿಲ್ಲ; ಅದನ್ನು ಕಲಿಸುವುದು ನಮ್ಮ ಧರ್ಮ. ಆದರೆ ಹೇಳಬೇಕೆಂಬ ಆಸೆ ಮೊದಲು, ತಿದ್ದುಪಡಿ ಅನಂತರ. ನೇಯದ ಬಟ್ಟೆಗೆ ಅಂಚು ಕಟ್ಟುವ ನೇಕಾರನಿಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳ ಕನ್ನಡ ಅಧ್ಯಾಪಕರು ಇಪ್ಪತ್ತು ಮಂದಿ ಬೇಸಗೆಯ ರಜೆಯಲ್ಲಿ ಒಂದು ವಾರ ಒಟ್ಟಿಗೆ ಕೂರಲಿ. ಬೆಳಗಿನ ಹೊತ್ತು ಪ್ರತಿಯೊಬ್ಬರೂ ಬರೆಯಲಿ, ಬರೆದುದನ್ನು ಓದಲಿ, ಇತರರ ಮಾತನ್ನು ಕೇಳಲಿ. ನಲವತ್ತು ದಾಟಿದ ಮೇಷ್ಟರು ಸಹೋದ್ಯೋಗಿಗಳೆದುರು ತನ್ನ ಬರೆಹವನ್ನು ಓದುವಾಗ ಆಗುವ ಕೈನಡುಕ, ಯಾವ ಉಪನ್ಯಾಸವೂ ಕಲಿಸದ ಪಾಠವನ್ನು ಕಲಿಸುತ್ತದೆ. ಅದರ ಮುಂದಿನ ವಾರ ಅವರೇ ಐವತ್ತು ಅರುವತ್ತು ಮಕ್ಕಳ ಶಿಬಿರವನ್ನು ನಡೆಸಲಿ. ಜಾಣರನ್ನಷ್ಟೇ ಆರಿಸಿ ತರುವುದು ಬೇಡ. ಸ್ಪರ್ಧೆ, ಬಹುಮಾನ, ಅಂಕಗಳು ಬೇಡ. ಮೊದಲ ಕರಡಿಗೆ ಯಾರೂ ಕೆಂಪು ಮಸಿಯನ್ನು ಮುಟ್ಟಿಸುವುದು ಬೇಡ, ಓದಿದವರು ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿ: "ಆಮೇಲೆ ಏನಾಯಿತಪ್ಪ?" ವರ್ಷದಲ್ಲಿ ಒಂದೆರಡು ಬರೆಹಗಳಾದರೂ ಪರೀಕ್ಷೆಯ ಹಂಗಿಲ್ಲದೆ ತರಗತಿಯಲ್ಲಿ ನಡೆಯಲಿ. ಇದಕ್ಕೆ ಭವ್ಯ ಕಟ್ಟಡ ಬೇಕಿಲ್ಲ. ರಜೆಯಲ್ಲಿ ಖಾಲಿ ಬಿದ್ದಿರುವ ಒಂದು ಶಾಲೆ, ಕುಡಿಯುವ ನೀರು, ಮಧ್ಯಾಹ್ನದ ಊಟ, ಕಾಗದ, ಇಷ್ಟು ಸಾಕು.

ಪಠ್ಯ ಮುಗಿಯುವುದಿಲ್ಲ, ಹುದ್ದೆಗಳು ಖಾಲಿಯಿವೆ, ಫಲಿತಾಂಶದ ಒತ್ತಡವಿದೆ ಎಂಬ ಸಹೋದ್ಯೋಗಿಗಳ ಮಾತು ಸುಳ್ಳಲ್ಲ. ನಾನೂ ಆ ನೊಗಕ್ಕೆ ಹೆಗಲು ಕೊಟ್ಟವನೇ. ಆದರೆ ಉರು ಹೊಡೆದ ಪ್ರಬಂಧವನ್ನು ಅಚ್ಚುಕಟ್ಟಾಗಿ ಒಪ್ಪಿಸಲು ಈಗ ಯಂತ್ರಗಳೇ ಬಂದಿವೆ. ಕೇಳಿದೊಡನೆ ರಾಷ್ಟ್ರೀಯ ಹಬ್ಬಗಳ ಮಹತ್ವವನ್ನು ಅವು ತಪ್ಪಿಲ್ಲದೆ ಬರೆದುಕೊಡುತ್ತವೆ. ಮಗ್ಗದ ಕುಣಿಯೊಳಗೆ ನೀರು ಜಿನುಗಿದ ದಿನ ತನ್ನ ತಂದೆ ಬಾಗಿಲಲ್ಲಿ ಹೇಗೆ ಕುಳಿತಿದ್ದನೆಂಬುದನ್ನು ಬರೆಯಬಲ್ಲವಳು ಆ ಒಬ್ಬ ಹುಡುಗಿಯೇ. ನಾವು ಇಷ್ಟು ಕಾಲ ಐದಕ್ಕೆ ಐದು ಕೊಟ್ಟದ್ದು ಯಾವುದಕ್ಕೆ, ಎರಡು ಕೊಟ್ಟದ್ದು ಯಾವುದಕ್ಕೆ ಎಂಬುದನ್ನು ಇನ್ನಾದರೂ ಲೆಕ್ಕ ಹಾಕಬೇಕು.

ಆ ಪ್ರಬಂಧ ನನ್ನ ಬಳಿ ಉಳಿದಿಲ್ಲ. ಹುಡುಗಿ ಓದು ಮುಗಿಸಿ ಹೋದಳು. ಅವಳಿಗೆ ನಾನು ತೀರಿಸಬೇಕಾದ ಋಣವನ್ನು ಅವಳ ತಮ್ಮ ತಂಗಿಯರ ವಯಸ್ಸಿನವರಿಗೆ ತೀರಿಸುವುದೊಂದೇ ಈಗ ಉಳಿದಿರುವ ದಾರಿ. ಬರುವ ಬೇಸಗೆಯಲ್ಲಿ ಕೂರಲು ಒಪ್ಪುವ ಅಧ್ಯಾಪಕ ಮಿತ್ರರು ಐವರು ದೊರೆತರೂ ಆರಂಭಿಸೋಣ. ಮೊದಲ ದಿನ ನಡುಗುವ ಕೈಯಲ್ಲಿ ಓದಲು ನಾನು ಸಿದ್ಧನಿದ್ದೇನೆ.